ಕೌಲೆ ತಿಂದ ಭುಜ

೧೦ ಜನವರಿ ೧೯೮೮, ಭಾನುವಾರ

ಕೋಣೆಯ ಬಾಗಿಲು ಹಾಕಿಕೊಂಡು ಒಂಬತ್ತು ಅಡಿಕೆ ಹಾಳೆ ನೆನೆಹಾಕಿದೆ. ನನ್ನ ಬಕೆಟ್ಟು ಸಾಲದೆ ದುಗ್ಗಮ್ಮನ ಹತ್ತಿರ ಕೊಪ್ಪರಿಗೆ ಕೇಳಬೇಕಾಯಿತು. ಬಾಡಿಗೆಗೆ ಕೊಟ್ಟದ್ದು ಹಿತ್ತಲ ಕೋಣೆಯಾದರೂ ಇಡೀ ಮನೆಯನ್ನೇ ನನಗೆ ಬಿಟ್ಟುಕೊಟ್ಟ ಹಾಗೆ ನಡೆದುಕೊಳ್ಳುವ ಹೆಂಗಸು ಅವರು. "ಎಂಥಕ್ಕೆ ಡಾಕ್ಟ್ರೇ ಇಷ್ಟು ಹಾಳೆ?" ಎಂದರು. "ಕಾಲು ಮುರಿದ ಕರುಗಳಿಗೆ ಕಟ್ಟಲಿಕ್ಕೆ" ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು! ಪಾಪ, ಅದನ್ನೂ ನಂಬಿ, ತಮ್ಮ ದನ ಕೌಲೆಗೆ ತಿನ್ನಲೆಂದು ಅಟ್ಟದ ಮೇಲಿಟ್ಟಿದ್ದ ಹಾಳೆಯಲ್ಲಿ ಇನ್ನೂ ನಾಲ್ಕು ಇಳಿಸಿಕೊಟ್ಟರು.

ಡಾಕ್ಟ್ರಂತೆ! ಹೊನ್ನೆಕೊಡ್ಲಿನ ದನದ ಆಸ್ಪತ್ರೆಯ ಕಾಂಪೌಂಡರ್ ನಾನು. ನಿಜವಾದ ಡಾಕ್ಟರು ಹೊಸನಗರದಿಂದ ಮಂಗಳವಾರ ಬಂದು ಮಧ್ಯಾಹ್ನದ ಬಸ್ಸಿಗೆ ಹೋಗಿಬಿಡುತ್ತಾರೆ. ಉಳಿದ ಆರು ದಿನ ಜನ ನನ್ನನ್ನು ಡಾಕ್ಟ್ರೇ ಅನ್ನುತ್ತಾರೆ, ನಾನೂ ಓಗೊಡುತ್ತೇನೆ.

ಯಾರಿಗೂ ಹೇಳುವ ಹಾಗಿಲ್ಲ, ಇಲ್ಲಾದರೂ ನೆಟ್ಟಗೆ ಬರೆಯೋಣ. ಹೋದ ತಿಂಗಳು ಔಷಧಿ ತರಲು ಶಿವಮೊಗ್ಗಕ್ಕೆ ಹೋದಾಗ ಬಸ್ಸು ತಪ್ಪಿತು. ಹೊತ್ತು ಕಳೆಯಲೆಂದು ಒಂದು ಮಹಡಿ ಹತ್ತಿದೆ, ವಿಡಿಯೋ ಗೇಮ್ ಪಾರ್ಲರ್ ಅಂತ ಬೋರ್ಡಿತ್ತು. ಟಿ.ವಿ. ಥರದ ಪೆಟ್ಟಿಗೆಯೊಳಗೆ ಮೈತುಂಬ ಕವಚ ತೊಟ್ಟ ಒಬ್ಬ ಆಸಾಮಿ ಬಂಡೆಯಿಂದ ಬಂಡೆಗೆ ನೆಗೆಯುತ್ತಾನೆ. ಬಿಲ್ಲೆ ಹಾಕಿ ಕೋಲು ತಿರುಗಿಸಿದರೆ ನಾವು ಹೇಳಿದ ಹಾಗೆ ಕೇಳುತ್ತಾನೆ. ಅಲ್ಲಿನ ಹುಡುಗರು ಅವನಿಗೆ ಉಕ್ಕಣ್ಣ ಎಂದು ಹೆಸರಿಟ್ಟಿದ್ದಾರೆ. ಬೆಂಕಿ ಬೀಳಲಿ, ಕಲ್ಲು ಬೀಳಲಿ, ಉಕ್ಕಣ್ಣ ಮೈ ಕೊಡವಿಕೊಂಡು ಏಳುತ್ತಾನೆ. ನಾನು ಮತ್ತೆರಡು ಬಸ್ಸು ಬಿಟ್ಟೆ. ಮೂವತ್ತಾರು ವರ್ಷದ ಗಂಡಸು, ಹೈಸ್ಕೂಲು ಹುಡುಗರ ನಡುವೆ ನಿಂತು "ಹಾರೋ, ಹಾರೋ" ಎಂದು ಕೂಗಿದ್ದೇನೆ. ಆಮೇಲೆ ಏನೇನೋ ಸಬೂಬು ಹೇಳಿ ನಾಲ್ಕು ಸಲ ಹೋಗಿ ಬಂದೆ.

ಈಗ ತಾಲ್ಲೂಕು ನೌಕರರ ವಾರ್ಷಿಕೋತ್ಸವದ ಸುತ್ತೋಲೆ ಬಂದಿದೆ. ಫೆಬ್ರವರಿ ಹದಿನಾಲ್ಕಕ್ಕೆ ಹೊಸನಗರದಲ್ಲಿ ಛದ್ಮವೇಷ ಸ್ಪರ್ಧೆ. ಉಕ್ಕಣ್ಣನ ವೇಷಕ್ಕೆ ಮುಖವೂ ಮುಚ್ಚಿರುತ್ತದೆ, ಒಳಗಿರುವವನು ಯಾರೆಂದು ಗೊತ್ತಾಗುವುದಿಲ್ಲ. ಹೆಸರು ಕೂಗುವ ಮೊದಲೇ ಇಳಿದು ಬಂದರಾಯಿತು. ಥೂ, ಬರೆಯುವಾಗಲೇ ಕಿವಿ ಬಿಸಿಯಾಗುತ್ತಿದೆ.

೧೭ ಜನವರಿ, ಭಾನುವಾರ

ಎದೆಯ ಕವಚ ಕೂತಿತು! ನೆನೆದ ಹಾಳೆಯನ್ನು ತಾಮ್ರದ ಕೊಡಕ್ಕೆ ಸುತ್ತಿ ಹಗ್ಗ ಬಿಗಿದು ನೆರಳಲ್ಲಿಟ್ಟಿದ್ದೆ. ಬಿಚ್ಚಿದರೆ ಕೊಡದ ಹೊಟ್ಟೆಯೇ ನನ್ನ ಎದೆ. ಭುಜಗಳನ್ನು ಬೋಗುಣಿಯ ಮೇಲೆ ಕೂರಿಸಿದೆ, ಮೊಣಕಾಲಿಗೆ ತೆಂಗಿನ ಗೆರಟೆ. ತಲೆಗೆ ತೋಟದವರ ಹಾಳೆ ಟೊಪ್ಪಿಯನ್ನೇ ಮುಖದವರೆಗೆ ಇಳಿಬಿಟ್ಟು ಕಣ್ಣಿನ ಜಾಗದಲ್ಲಿ ಸೀಳಿದೆ. ದನದ ಗಾಯ ಹೊಲಿಯುವ ಬಾಗಿದ ಸೂಜಿ ಇದೆಯಲ್ಲ, ಹಾಳೆ ಹೊಲಿಯಲು ಅದಕ್ಕಿಂತ ಒಳ್ಳೆಯದು ಇಲ್ಲ. ಸರ್ಕಾರದ ದಾರ ಒಂದು ರೀಲು ಮುಗಿಯಿತು. ದೇವರು ಕ್ಷಮಿಸಿಯಾನು, ಇಲಾಖೆ ಕ್ಷಮಿಸುವುದಿಲ್ಲ.

ಸಂಜೆ ಹಿತ್ತಲಲ್ಲಿ ಮಾಮೂಲಿ ಜಗಳ. ಕೌಲೆ ಬೇಲಿ ಹಾರಿ ಪಕ್ಕದ ಕನ್ನಪ್ಪನ ಬದನೆ ಪಾತಿಗೆ ನುಗ್ಗಿದೆ. ಕನ್ನಪ್ಪ ದೊಣ್ಣೆ ಹಿಡಿದು, "ಇನ್ನೊಂದ್ಸಲ ಬರ್ಲಿ, ಮದ್ದಿಟ್ಟು ಮಲಗಿಸ್ತೀನಿ ನೋಡು!" ಎಂದು ಕೂಗುತ್ತಿದ್ದರು. ದುಗ್ಗಮ್ಮನೂ ಬಿಡಲಿಲ್ಲ, "ಇಡು, ನಿನ್ನ ಕೈ ಸೇದಿ ಹೋಗ!" ಎಂದರು. ದಾರಿಯಲ್ಲಿ ಹೋಗುವವರೆಲ್ಲ ನಿಂತು ಕೇಳಿ ನಕ್ಕು ಹೋದರು.

೨೪ ಜನವರಿ, ಭಾನುವಾರ

ಬಣ್ಣ ಬಳಿದೆ. ಆಸ್ಪತ್ರೆಯ ಮುಂದೆ ದನ ಕಟ್ಟಿ ನಿಲ್ಲಿಸುವ ಕಬ್ಬಿಣದ ಚೌಕಟ್ಟಿಗೆ ತಂದಿದ್ದ ಕೆಂಪು ಸೀಸದ ಬಣ್ಣ ಅರ್ಧ ಡಬ್ಬಿ ಉಳಿದಿತ್ತು. ಅದನ್ನು ದಪ್ಪಗೆ ಎರಡು ಸಲ ಬಳಿದು, ಮೇಲೆ ಬೆಳ್ಳಿ ಬಣ್ಣ ಹೊಡೆದೆ. ಹಾಳೆ ಎಂದು ಯಾರೂ ಹೇಳಲಾರರು.

ತೊಟ್ಟು ನೋಡಿದೆ. ನನ್ನಲ್ಲಿರುವುದು ಗಡ್ಡ ಹೆರೆಯುವ ಕನ್ನಡಿ ಒಂದೇ. ಒಮ್ಮೆ ಭುಜ ಕಾಣುತ್ತದೆ, ಒಮ್ಮೆ ಮೊಣಕಾಲು. ಪೂರಾ ಉಕ್ಕಣ್ಣನನ್ನು ನೋಡಲು ಆಗಲೇ ಇಲ್ಲ. ಆದರೂ ಎಷ್ಟು ಖುಷಿಯಾಯಿತು ಎಂದರೆ, ಮಂಚದ ಮೇಲಿಂದ ನೆಲಕ್ಕೆ ಒಂದು ಸಲ ಹಾರಿದೆ. ಸದ್ದು ಕೇಳಿ ದುಗ್ಗಮ್ಮ ಬಾಗಿಲು ಬಡಿದರು. "ಇಲಿ, ಇಲಿ" ಎಂದು ಕೂಗಿ ಎಲ್ಲ ಕಳಚಿ ಮಂಚದ ಕೆಳಗೆ ತುರುಕಿದೆ.

೨೭ ಜನವರಿ, ಬುಧವಾರ

ಭುಜಗಳ ಬಣ್ಣ ಇನ್ನೂ ಅಂಟುತ್ತಿತ್ತು. ಬೆಳಿಗ್ಗೆ ದುಗ್ಗಮ್ಮನ ಕಣ್ಣು ತಪ್ಪಿಸಿ ಹಿತ್ತಲ ಬಿಸಿಲಿಗಿಟ್ಟು ಆಸ್ಪತ್ರೆಗೆ ಹೋದೆ. ಬಂದು ನೋಡಿದರೆ ಎಡದ ಭುಜ ಇಲ್ಲ. ಶಾಲೆಯ ಮಕ್ಕಳು ಎತ್ತಿಕೊಂಡು ಹೋಗಿರಬೇಕು. ಯಾರ ಮನೆಯಲ್ಲಿ ತೋರಿಸುತ್ತಾರೋ, ಯಾರು ಬಂದು "ಇದು ಎಂಥದು ಡಾಕ್ಟ್ರೇ" ಎಂದು ಕೇಳುತ್ತಾರೋ. ಊಟ ಸೇರಲಿಲ್ಲ.

೨೮ ಜನವರಿ, ಗುರುವಾರ

ಮಕ್ಕಳಲ್ಲ.

ಬೆಳಕು ಹರಿಯುವಾಗ ದುಗ್ಗಮ್ಮ ಓಡಿ ಬಂದರು. "ಡಾಕ್ಟ್ರೇ, ಕೌಲೆ ಗ್ವಾಡಿಗೆ ತಲೆ ಒತ್ಕಂಡು ನಿಂತಿದೆ, ಹಲ್ಲು ಕಡೀತಿದೆ, ಕರೆದ್ರೆ ಇತ್ಲಾಗೆ ತಿರುಗಲ್ಲ." ಹೋಗಿ ನೋಡಿದೆ. ಬಾಯಲ್ಲಿ ನೊರೆ, ಮೈ ನಡುಕ. ಕಣ್ಣ ಮುಂದೆ ಕೈ ಬೀಸಿದರೆ ರೆಪ್ಪೆ ಮಿಟುಕಲಿಲ್ಲ. ಬಾಯಿ ಬಿಡಿಸಿ ಕೈ ಹಾಕಿದೆ. ದವಡೆಯ ಸಂದಿಯಲ್ಲಿ ಒಂದು ಚೂರು ಹಾಳೆ ಸಿಕ್ಕಿತು. ಒಂದು ಕಡೆ ಬೆಳ್ಳಿ, ಕೆರೆದರೆ ಕೆಂಪು.

ಅದನ್ನು ನಾನು ಜೇಬಿಗೆ ಹಾಕಿಕೊಂಡೆ. ದುಗ್ಗಮ್ಮ ಪಕ್ಕದಲ್ಲೇ ದೀಪ ಹಿಡಿದು ನಿಂತಿದ್ದರು, ಅವರಿಗೆ ಬೆನ್ನು ತಿರುಗಿಸಿ ಹಾಕಿಕೊಂಡೆ.

"ಎಂಥಾಗಿದೆ?" ಎಂದರು.

"ಏನೋ ವಿಷ ಹೊಟ್ಟೆಗೆ ಹೋಗಿದೆ. ಹಾಲು ಯಾರೂ ಕುಡಿಯಬೇಡಿ, ಚೆಲ್ಲಿಬಿಡಿ" ಎಂದೆ.

ಭೇದಿಯ ಉಪ್ಪು ಕದಡಿ ಕುಡಿಸಿದೆ. ಮೊದಲ ಬಸ್ಸಿಗೆ ಹೊಸನಗರಕ್ಕೆ ಹೋಗಿ ಡಾಕ್ಟರಿಗೆ ವಿಷಯ ತಿಳಿಸಿ ಇಂಜೆಕ್ಷನ್ ತಂದು ಹಾಕಿದೆ. "ಯಾರು ಮಾರಾಯ ಸೀಸದ ಬಣ್ಣ ದನದ ಬಾಯಿಗೆ ಸಿಗೋ ಹಾಗಿಟ್ಟವರು? ಬುದ್ಧಿ ಬೇಡ್ವಾ?" ಎಂದು ಡಾಕ್ಟರು ಬೈದರು. "ಹೌದು ಸಾರ್, ಹಳ್ಳಿ ಜನ" ಎಂದೆ. ನನ್ನ ಬಾಯಿಂದಲೇ ಬಂತು ಈ ಮಾತು.

೩೦ ಜನವರಿ, ಶನಿವಾರ

ಕೌಲೆ ಬದುಕುತ್ತದೆ. ನಿನ್ನೆಯಿಂದ ನೀರು ಕುಡಿಯುತ್ತಿದೆ, ಇವತ್ತು ಹುಲ್ಲಿಗೆ ಬಾಯಿ ಹಾಕಿತು. ಕಣ್ಣು ಬರುವ ಲಕ್ಷಣವಿಲ್ಲ.

"ವಿಷ" ಎಂದ ನನ್ನ ಒಂದು ಮಾತು ಊರು ಸುತ್ತಿ ಬಂದಿದೆ. ವಿಷ ಎಂದ ಮೇಲೆ ಇಟ್ಟವರು ಯಾರು? ಮದ್ದಿಟ್ಟು ಮಲಗಿಸ್ತೀನಿ ಎಂದವರು ಯಾರು? ದುಗ್ಗಮ್ಮ ಬೇಲಿಯ ಹತ್ತಿರ ನಿಂತು ಮಣ್ಣು ತೂರಿ ಕನ್ನಪ್ಪನಿಗೆ ಶಾಪ ಹಾಕಿದರು. ಕನ್ನಪ್ಪ ಜಗಲಿಗೆ ಬಂದು, "ನಾ ಬಾಯಲ್ಲಿ ಹೇಳಿದ್ದು ಹೌದು, ಕೈಯಲ್ಲಿ ಮಾಡಿಲ್ಲ" ಎಂದರು. ಯಾರೂ ಕೇಳಲಿಲ್ಲ. ನಾನು ಕಿಟಕಿ ಹಾಕಿಕೊಂಡೆ.

ರಾತ್ರಿ ದುಗ್ಗಮ್ಮ ಕಡುಬು, ಕಾಯಿಚಟ್ನಿ ತಂದು ಎದುರಿಟ್ಟರು. "ನೀವಿರದಿದ್ರೆ ನನ್ನ ದನ ಉಳೀತಿತ್ತಾ? ಇನ್ನೊಂದು ಹಾಕ್ಕಳಿ." ಆರು ತಿಂದೆ. ಹಸಿವಾಗಿತ್ತು ಎನ್ನುವುದೂ ನಿಜ.

೨ ಫೆಬ್ರವರಿ, ಮಂಗಳವಾರ

ಕನ್ನಪ್ಪನ ಹೆಂಡತಿ ಪುಷ್ಪಮ್ಮ ಆಸ್ಪತ್ರೆಗೆ ಬಂದಿದ್ದರು, ಡಾಕ್ಟರು ಹೋಗುವವರೆಗೆ ಹೊರಗೇ ಕಾದು. ಊರ ಹಿರಿಯ ಹೂವಯ್ಯ ಗೌಡರು, ಶುಕ್ರವಾರ ಒದ್ದೆ ಬಟ್ಟೆಯಲ್ಲಿ ಊರ ದೇವತೆ ಚೌಡಿಯ ಮುಂದೆ ದೀಪ ಮುಟ್ಟಿ ಪ್ರಮಾಣ ಮಾಡು ಎಂದು ಕನ್ನಪ್ಪನಿಗೆ ಹೇಳಿದ್ದಾರಂತೆ.

"ತಪ್ಪಿಲ್ಲ ಅಂದ ಮೇಲೆ ಪ್ರಮಾಣ ಮಾಡಲಿ ಬಿಡಿ" ಎಂದೆ.

"ಹ್ಯಾಂಗೆ ಮಾಡ್ತಾರೆ ಡಾಕ್ಟ್ರೇ? ಬಸುರಿ ಮಗಳು ಮನೇಲಿದಾಳೆ. ಸತ್ಯಾನೇ ಇರ್ಲಿ, ಬಸುರಿ ಇರೋ ಮನೆಯವರು ಚೌಡಿ ಮುಂದೆ ಕೈ ಎತ್ತಬಾರ್ದು. ಹೊಟ್ಟೇಲಿರೋದಕ್ಕೆ ತಾಗ್ತದೆ. ನೀವೊಂದು ಚೀಟಿ ಬರ್ಕೊಡಿ, ವಿಷ ಅಲ್ಲ, ಕಾಯಿಲೆ ಅಂತ. ನಿಮ್ಮ ಕಾಲಿಗೆ ಬೀಳ್ತೀನಿ."

ನಿಜವಾಗಿ ಬಗ್ಗಿದರು. ನನಗೆ ಆ ಕ್ಷಣ ಅನ್ನಿಸಿದ್ದೇನು ಗೊತ್ತೇ? ಅಬ್ಬ, ದಾರಿ ಸಿಕ್ಕಿತು ಎಂದು. ಇಲಾಖೆಯ ಸೀಲು ಹಾಕಿ, "ಮಿದುಳಿನ ಕಾಯಿಲೆ" ಎಂದು ಬರೆದುಕೊಟ್ಟೆ. ಕನ್ನಪ್ಪನೂ ಉಳಿದರು, ನಾನೂ ಉಳಿದೆ.

೩ ಫೆಬ್ರವರಿ, ಬುಧವಾರ

ಉಳಿಯಲಿಲ್ಲ. ದುಗ್ಗಮ್ಮ ಚೀಟಿ ನೋಡಿ ನನ್ನ ಬಾಗಿಲಿಗೆ ಬಂದರು. "ಅವತ್ತು ವಿಷ ಅಂದ ಬಾಯಿ ಇವತ್ತು ಕಾಯಿಲೆ ಅಂತದಲ್ಲ. ಕನ್ನಪ್ಪ ನಿಮಗೆ ಎಂಥ ಕೊಟ್ಟ?" ಎಂದರು. ಉತ್ತರಕ್ಕೆ ಕಾಯದೆ ಹೋದರು. ಶೇಷಪ್ಪನ ಹೋಟೆಲಿನಲ್ಲಿ ಅದೇ ಮಾತು, ಕನ್ನಪ್ಪ ಡಾಕ್ಟ್ರಿಗೆ ಕೈ ಬಿಸಿ ಮಾಡಿದ್ದಾನೆ, ತಪ್ಪಿಲ್ಲದಿದ್ದರೆ ಯಾಕೆ ಮಾಡುತ್ತಿದ್ದ ಎಂದು.

ನಾನು ಸಹಾಯ ಮಾಡಲು ಹೋಗಿ ಅವರನ್ನು ಇನ್ನಷ್ಟು ಹುಗಿದೆ. ಸಹಾಯ! ಯಾರಿಗೆ ಸಹಾಯ ಮಾಡಿದ್ದು ಎಂದು ನನಗೇ ಗೊತ್ತಿದೆ.

೪ ಫೆಬ್ರವರಿ, ಗುರುವಾರ

ಎಡಭುಜಕ್ಕೆ ಹೊಸ ಹಾಳೆ ನೆನೆಹಾಕಿದೆ. ಇನ್ನು ಹತ್ತು ದಿನ ಇದೆ.

ಮೇಲಿನ ಸಾಲು ಬರೆದು, ಓದಿ, ಎದ್ದು ಹೋಗಿ ಹಾಳೆಯನ್ನು ಗೊಬ್ಬರದ ಗುಂಡಿಗೆ ಎಸೆದು ಬಂದೆ. ಎಂಥಾ ಮನುಷ್ಯ ನಾನು.

೫ ಫೆಬ್ರವರಿ, ಶುಕ್ರವಾರ

ಚೌಡಿ ಬನಕ್ಕೆ ನಾನೂ ಹೋಗಿದ್ದೆ. ಹೋಗದಿದ್ದರೆ ಜನ ಏನನ್ನುತ್ತಾರೋ ಎಂಬ ಭಯ. ಕನ್ನಪ್ಪ ಕೆರೆಯಲ್ಲಿ ಮುಳುಗಿ ಒದ್ದೆ ಪಂಚೆಯಲ್ಲಿ ಬಂದು ದೀಪದ ಮುಂದೆ ನಿಂತರು. ಕೈ ಅರ್ಧ ಎತ್ತಿದರು. ಎತ್ತಿ, ಇಳಿಸಿ, "ನನ್ನ ಕೈಲಿ ಆಗಲ್ಲ. ಮನೇಲಿ ಮಗಳಿದಾಳೆ. ಏನು ಬೇಕಾದ್ರೂ ಅಂದ್ಕಳಿ" ಎಂದು ತಿರುಗಿ ಹೊರಟರು. ಪಂಚೆಯಿಂದ ನೀರು ಸುರಿಯುತ್ತಿತ್ತು. ಹಿಂದಿನಿಂದ ಯಾರೋ ಉಗಿದರು.

ನಾನು ಒಂದು ಹೆಜ್ಜೆ ಮುಂದೆ ಬಂದಿದ್ದೆ. "ನಾನು" ಎಂಬ ಮಾತು ಗಂಟಲವರೆಗೂ ಬಂದಿತ್ತು. ಆದರೆ ಆಮೇಲಿನದನ್ನು ಹೇಗೆ ಹೇಳುವುದು? ಶಿವಮೊಗ್ಗದ ಮಹಡಿ, ಉಕ್ಕಣ್ಣ, ಮಂಚದಿಂದ ಹಾರಿದ್ದು? ಅಷ್ಟು ಜನರ ಮುಂದೆ? ಕೆಮ್ಮಿ ಸುಮ್ಮನಾದೆ.

೭ ಫೆಬ್ರವರಿ, ಭಾನುವಾರ

ಕನ್ನಪ್ಪನ ಮಗಳು ತುಂಗೆಯ ಬಯಕೆ ಊಟ. ಮೊದಲೇ ಕರೆದಿದ್ದರು. ಎಂಬತ್ತು ಎಲೆಗೆ ಅಡಿಗೆ ಮಾಡಿಸಿದ್ದರು, ಊರಿನಿಂದ ಹೋದವನು ನಾನೊಬ್ಬ. ಆನಂದಪುರದಿಂದ ಬಂದ ಬೀಗರು ಹತ್ತು ಜನ. ಉಳಿದ ಎಲೆಗಳು ತೊಳೆದಿಟ್ಟ ಹಾಗೇ ಮೂಲೆಯಲ್ಲಿದ್ದವು.

ತುಂಗೆಯ ಅತ್ತೆ ಕೇಳಿಯೇಬಿಟ್ಟರು, "ನಿಮ್ಮೂರಲ್ಲಿ ಜನ ಇಲ್ವಾ?" ಎಂದು. ತುಂಗೆ ಹಸಿರು ಸೀರೆಯುಟ್ಟು, ಹೂ ಮುಡಿದು, ಮಣೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಕನ್ನಪ್ಪ ಬಡಿಸುವ ನೆವದಲ್ಲಿ ಒಳಗೆ ಹೋದವರು ಬೇಗ ಹೊರಗೆ ಬರಲಿಲ್ಲ. ಪುಷ್ಪಮ್ಮ ನನ್ನ ಎಲೆಗೆ ಎರಡನೇ ಹೋಳಿಗೆ ಹಾಕಿ ಮೆಲ್ಲಗೆ, "ನೀವಾದ್ರೂ ಬಂದ್ರಲ್ಲ ಡಾಕ್ಟ್ರೇ" ಎಂದರು. ಕಣ್ಣಲ್ಲಿ ನೀರಿತ್ತು.

ಕೈ ತೊಳೆಯಲು ಎದ್ದವನು ಯಾರಿಗೂ ಹೇಳದೆ ಹಿತ್ತಲ ದಾರಿಯಲ್ಲಿ ಮನೆಗೆ ಬಂದುಬಿಟ್ಟೆ. ನಾಚಿಕೆ ಎನ್ನುವುದು ಇಷ್ಟು ದಿನ ಏನೆಂದು ನನಗೆ ತಿಳಿದೇ ಇರಲಿಲ್ಲ.

೮ ಫೆಬ್ರವರಿ, ಸೋಮವಾರ

ಹೇಳಿದೆ.

ಹೂವಯ್ಯ ಗೌಡರ ಅಂಗಳದಲ್ಲಿ ಹದಿನೈದು ಇಪ್ಪತ್ತು ಜನ ಸೇರಿದ್ದರು. ಕನ್ನಪ್ಪ ಚೌಡಿಗೆ ತಪ್ಪುಕಾಣಿಕೆ ಕಟ್ಟುವವರೆಗೆ ಯಾರೂ ಆ ಮನೆಯ ಮೆಟ್ಟಿಲು ಹತ್ತಬಾರದು ಎಂದು ಮಾತಾಗುತ್ತಿತ್ತು. ದುಗ್ಗಮ್ಮ ಕಂಬಕ್ಕೊರಗಿ ಕೂತಿದ್ದರು. ನಾನು ನೇರ ಹೋಗಿ, "ಕನ್ನಪ್ಪನದು ಏನೂ ತಪ್ಪಿಲ್ಲ. ಕೌಲೆ ತಿಂದದ್ದು ನಾನು ಬಣ್ಣ ಬಳಿದು ಹಿತ್ತಲಲ್ಲಿಟ್ಟ ಹಾಳೆ" ಎಂದೆ.

ಗೌಡರು ಎಲೆಯಡಿಕೆ ಉಗಿದು ಬಂದರು. "ಮೊದ್ಲು ವಿಷ ಅಂದ್ರಿ. ಆಮೇಲೆ ಕಾಯಿಲೆ ಅಂತ ಚೀಟಿ ಕೊಟ್ರಿ. ಈಗ ಬಣ್ಣ ಅಂತೀರಿ. ನಿನ್ನೆ ಅಲ್ಲಿ ಹೋಳಿಗೆ ಊಟ ಜೋರಿತ್ತಂತಲ್ಲ?"

ಎಲ್ಲರೂ ನಕ್ಕರು. "ಹಾಳೆಗೆ ಯಾರಾದ್ರೂ ಬಣ್ಣ ಬಳೀತಾರಾ ಮಾರಾಯ್ರೇ? ಎಂಥಕ್ಕೆ?" ಎಂದ ಶೇಷಪ್ಪ.

"ವೇಷಕ್ಕೆ."

"ಯಕ್ಷಗಾನದ್ದಾ?"

"ಅಲ್ಲ. ವಿಡಿಯೋ ಗೇಮಿನದು" ಎಂದೆ. ಯಾರಿಗೂ ಅರ್ಥವಾಗಲಿಲ್ಲ. ವಿವರಿಸಿದೆ. ಪೆಟ್ಟಿಗೆ, ಬಿಲ್ಲೆ, ಬಂಡೆ, ಉಕ್ಕಣ್ಣ. ಹೇಳುತ್ತ ಹೋದ ಹಾಗೆ ನನ್ನ ಮಾತು ನನಗೇ ಸುಳ್ಳಿನ ಹಾಗೆ ಕೇಳಿಸತೊಡಗಿತು. ಓಡಿಹೋಗಿ ಮಂಚದ ಕೆಳಗಿದ್ದದ್ದನ್ನೆಲ್ಲ ಗೋಣಿಚೀಲಕ್ಕೆ ತುಂಬಿ ತಂದು ಅಂಗಳದಲ್ಲಿ ಸುರಿದೆ. ಬೆಳ್ಳಿ ಬಣ್ಣದ ಒಂದು ರಾಶಿ ಕಸ. ಗೌಡರು ಕೋಲಿನಿಂದ ಕೆದಕಿ, "ಇದ್ರಲ್ಲಿ ಎಂಥದು ಕಮ್ಮಿ ಇದೆ ಅಂತ ನಮಗೆ ಹ್ಯಾಂಗೆ ಗೊತ್ತಾಗ್ಬೇಕು?" ಎಂದರು.

ನ್ಯಾಯವಾದ ಪ್ರಶ್ನೆಯೇ. ಅಂಗಿ ಬಿಚ್ಚಿ ಬನಿಯನ್ನಿನ ಮೇಲೆ ಒಂದೊಂದನ್ನೇ ತೊಟ್ಟೆ. ಗೆರಟೆ ಕಟ್ಟಿದೆ, ಎದೆ ಕಟ್ಟಿದೆ, ಬಲಭುಜ ಕಟ್ಟಿದೆ. ಟೊಪ್ಪಿ ಕೈಗೆತ್ತಿಕೊಂಡು ಕೆಳಗಿಟ್ಟೆ, ಮುಖ ಮುಚ್ಚಿಕೊಂಡು ಹೇಳುವ ಮಾತಾಗಿರಲಿಲ್ಲ ಅದು. ನಗು ಅಂಗಳ ದಾಟಿ ರಸ್ತೆಗೂ ಕೇಳಿರಬೇಕು. ಶೇಷಪ್ಪನಂತೂ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತ. "ಇಲ್ಲಿ ನೋಡಿ" ಎಂದು ಬರಿಯ ಎಡಭುಜ ತೋರಿಸಿದೆ. ಅವತ್ತು ಜೇಬಿಗೆ ಹಾಕಿಕೊಂಡ ಚೂರನ್ನೂ ತೋರಿಸಿದೆ.

ದುಗ್ಗಮ್ಮ ಒಬ್ಬರೇ ನಗಲಿಲ್ಲ. ಹತ್ತಿರ ಬಂದು ಬಲಭುಜವನ್ನು ಉಗುರಿನಿಂದ ಕೆರೆದರು. ಕೆಂಪು ಬಂತು. ಚೂರನ್ನು ಕೆರೆದರು. ಅಲ್ಲಿಯೂ ಕೆಂಪು. ನನ್ನ ಮುಖ ನೋಡಿದರು.

"ಹತ್ತು ದಿನ ಆಯ್ತಲ್ಲ" ಎಂದರು. "ಕಡುಬು ತಿಂದ್ರಲ್ಲ ನನ್ನ ಕೈಯಿಂದ. ಗಂಟಲಲ್ಲಿ ಹ್ಯಾಂಗೆ ಇಳೀತು?"

ನಗು ನಿಂತಿತು. ನಾನು ಬಿಚ್ಚಲು ಹೋದೆ.

"ಬಿಚ್ಚಬೇಡಿ. ಹೀಗೇ ನಡೀರಿ. ಅವರ ಮನೆ ಬಾಗ್ಲಲ್ಲಿ ನಿಂತು ಇದನ್ನೇ ಹೇಳಿ."

ನಾನು ಮುಂದೆ, ದುಗ್ಗಮ್ಮ ಹಿಂದೆ, ಅವರ ಹಿಂದೆ ಊರು. ಕನ್ನಪ್ಪ ಜಗಲಿಯಲ್ಲಿ ಕತ್ತಿ ಮಸೆಯುತ್ತಿದ್ದರು. ತುಂಗೆ ನನ್ನನ್ನು ಕಂಡು ಕಿಸಕ್ಕೆಂದು ನಕ್ಕು, ಅಪ್ಪನ ಮುಖ ನೋಡಿ ಸುಮ್ಮನಾದಳು. ನಿಂತು ಎಲ್ಲ ಹೇಳಿದೆ. ದುಗ್ಗಮ್ಮ, "ನಂದೂ ತಪ್ಪಾಯ್ತು ಪುಷ್ಪ" ಎಂದು ಪುಷ್ಪಮ್ಮನ ಕೈ ಹಿಡಿದು ಅತ್ತರು. ಗೌಡರು ಹೆಗಲ ವಸ್ತ್ರ ಸರಿಮಾಡಿಕೊಂಡು ಬೇರೆ ಕಡೆ ನೋಡಿದರು.

ಕನ್ನಪ್ಪ ಏಳಲಿಲ್ಲ. ಕತ್ತಿ ಪಕ್ಕಕ್ಕಿಟ್ಟರು. "ನಾನು ಮಗಳ ಮುಖ ನೋಡಿ ಕೈ ಇಳಿಸ್ದೆ. ನೀವು ಯಾರ ಮುಖ ನೋಡಿ ಬಾಯಿ ಮುಚ್ಚಿದ್ರಿ?" ಎಂದರು.

ಸ್ವಲ್ಪ ಹೊತ್ತು ಕಾದು ಅವರು ಒಳಗೆ ಹೋದರು.

ಅಲ್ಲಿಂದ ಸೀದಾ ಆಸ್ಪತ್ರೆಗೆ ಹೋದೆ, ಒಬ್ಬರು ಕರು ಹಿಡಿದುಕೊಂಡು ಕಾಯುತ್ತಿದ್ದರು. ಸೂಜಿಗೆ ಔಷಧಿ ಎಳೆದು ಹತ್ತಿರ ಹೋದರೆ ಕರು ಹಗ್ಗ ಜಗ್ಗಿ ಒದೆಯತೊಡಗಿತು. "ಅದನ್ನ ಮೈಮೇಲಿಂದ ತೆಗೀರಿ ಸ್ವಾಮಿ, ಹೆದರ್ತದೆ" ಎಂದರು ಅವರು. ಆಗ ನೋಡಿಕೊಂಡೆ. ಹಾಗೇ ಪೇಟೆ ಬೀದಿ ಪೂರಾ ನಡೆದು ಬಂದಿದ್ದೆ.

೧೧ ಫೆಬ್ರವರಿ, ಗುರುವಾರ

ಡಾಕ್ಟರಿಗೆ ಚೀಟಿಯ ವಿಷಯ, ಬಣ್ಣದ ಡಬ್ಬಿಯ ವಿಷಯ ಬರೆದು ಕಳಿಸಿದೆ. ಏನು ಮಾಡುತ್ತಾರೋ ಮಾಡಲಿ. ದುಗ್ಗಮ್ಮ ನನ್ನೊಡನೆ ಮಾತಾಡುತ್ತಿಲ್ಲ. ಬೆಳಿಗ್ಗೆ ಕೌಲೆಯ ಹಗ್ಗ ನಾನು ಬಿಚ್ಚಿದರೆ ಬೇಡವೆನ್ನುವುದೂ ಇಲ್ಲ. ಕವಚವನ್ನೆಲ್ಲ ಗುಂಡಿ ತೋಡಿ ಆಳಕ್ಕೆ ಹೂತೆ, ಸುಟ್ಟರೆ ಸೀಸದ ಹೊಗೆ ಒಳ್ಳೆಯದಲ್ಲ.

೧೪ ಫೆಬ್ರವರಿ, ಭಾನುವಾರ

ಕೌಲೆಗೆ ಕೆರೆಯ ದಾರಿ ಕಲಿಸುತ್ತಿದ್ದೇನೆ. ಕಣ್ಣಿಲ್ಲದ ದನ ಸದ್ದಿಗೆ ನಡೆಯುತ್ತದೆ. ಮುಂದೆ ನಡೆಯುತ್ತ ನಾಲಿಗೆಯಿಂದ ಟಕ್ ಟಕ್ ಎನ್ನುತ್ತಿದ್ದರೆ ಹಿಂದೆ ಬರುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ. ರಸ್ತೆಯ ಮೇಲೆ ಬಸ್ಸು ಹೋಗುವಾಗ ಕಿಟಕಿಯಿಂದ ಯಾರೋ "ಹೊಸನಗರಕ್ಕೆ ಬರಲ್ವಾ, ಇವತ್ತು ವಾರ್ಷಿಕೋತ್ಸವ ಅಲ್ವಾ?" ಎಂದು ಕೂಗಿದರು. ಹೌದಲ್ಲ ಎಂದುಕೊಂಡೆ.

ಕೆರೆಗೆ ಹೋಗಲು ಕನ್ನಪ್ಪನ ಗದ್ದೆಯನ್ನು ಸುತ್ತುಹಾಕಬೇಕು, ಅರ್ಧ ಮೈಲಿ. ಕೌಲೆ ಎರಡು ಕಡೆ ಮುಗ್ಗರಿಸಿ ಮೊಣಕಾಲೂರಿತು. ಎಬ್ಬಿಸುತ್ತಿದ್ದಾಗ ಕನ್ನಪ್ಪ ಬೇಲಿಯ ಆಚೆ ಬಂದು ನಿಂತಿದ್ದರು. ದುಗ್ಗಮ್ಮ ಕೌಲೆಯ ಹಿಂದೆಯೇ ನಡೆದು ಬಂದಿದ್ದರು. ನಾನು ಅವರಿಗೂ ಕೇಳುವ ಹಾಗೆ, "ಅವತ್ತು ನೀವು ಕೇಳಿದ್ರಲ್ಲ. ನನ್ನ ಮುಖವನ್ನೇ ನೋಡಿಕೊಂಡು ಬಾಯಿ ಮುಚ್ಚಿದೆ" ಎಂದೆ.

ಕನ್ನಪ್ಪ ಬೇಲಿಯ ಬಾಗಿಲಿಗೆ ಅಡ್ಡ ಹಾಕಿದ್ದ ದಣಪೆಯ ಬಿದಿರುಗಳನ್ನು ಒಂದೊಂದಾಗಿ ಸರಿಸಿ ದಾರಿ ಬಿಟ್ಟರು.

"ಗದ್ದೆ ಮೇಲೇ ಹೊಡ್ಕಂಡು ಹೋಗಿ. ಕುರುಡು ದನಕ್ಕೆ ಸುತ್ತುದಾರಿ ಎಂಥಕ್ಕೆ?" ಎಂದರು. "ಇದು ದನಕ್ಕೆ ಹೇಳಿದ್ದು. ನಿಮಗಲ್ಲ."

ಸರಿ ಎಂದೆ. ಟಕ್ ಟಕ್ ಎನ್ನುತ್ತ ಒಳಗೆ ಹೋದೆ, ಕೌಲೆ ಬಂತು.